ಕಡಲ ತಳದ ಹುಲ್ಲನ್ನು ಎಣಿಸುವುದು ಹೇಗೆ?

ಪ್ರಶ್ನೆ: ಲಕ್ಷದ್ವೀಪದ ಸುತ್ತ ಆಳವಿಲ್ಲದ ಕಡಲಿನಲ್ಲಿ ಹುಲ್ಲಿನ ಜಾತಿಗಳ ಸಮೀಕ್ಷೆ ಮಾಡುತ್ತಾರೆ ಎಂದು ಓದಿದೆ. ಉಪ್ಪುನೀರಿನೊಳಗೆ ಹುಲ್ಲು ಬೆಳೆಯುತ್ತದೆಯೇ? ನಾವು ಕಾಫಿ ಗಿಡಕ್ಕೆ ಸಿಂಪಡಿಸುವ ಸೀವೀಡ್ ದ್ರಾವಣ ಇದರಿಂದಲೇ ಆಗುವುದೇ? ನೀರಿನಡಿ ಇರುವುದನ್ನು ಇಂಥದೇ ಜಾತಿ ಎಂದು ಗುರುತಿಸಿ ಎಣಿಸುವುದು ಹೇಗೆ? ಎಣಿಸಿ ಏನು ಉಪಯೋಗ? ನಮ್ಮ ಕಡೆ ಇಂಥದ್ದೇನಾದರೂ ಇದೆಯೇ?
— ಕೊಟ್ಟಿಗೆಹಾರದ ಸಮೀಪದ ಓದುಗರೊಬ್ಬರು

ಉತ್ತರ: ಒಂದೇ ಪತ್ರದಲ್ಲಿ ಐದು ಪ್ರಶ್ನೆ ಕೇಳಿದ್ದೀರಿ. ಐದೂ ಒಂದಕ್ಕೊಂದು ಹೊಂದಿಕೊಂಡೇ ಇವೆ, ಹಾಗಾಗಿ ಕ್ರಮವಾಗಿ ಉತ್ತರಿಸುವುದು ನನಗೂ ಸಂತೋಷದ ಕೆಲಸ. ಘಟ್ಟದ ಮೇಲಿನವರಿಗೆ ಕಡಲ ಹುಲ್ಲಿನ ಉಸಾಬರಿ ಏಕೆ ಎಂದು ಯಾರಾದರೂ ಕೇಳಿದರೆ ಸಂಕೋಚ ಪಡಬೇಡಿ. 1956ರ ನವೆಂಬರ್ 1ರವರೆಗೆ ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಮಂಗಳೂರಿನ ಕಲೆಕ್ಟರ ಆಡಳಿತದಲ್ಲಿದ್ದವು. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ದಿನಸಿ, ತರಕಾರಿ, ಮನೆ ಕಟ್ಟುವ ಸಾಮಾನು ತುಂಬಿಕೊಂಡು ಮಂಜಿಗಳು ಅಲ್ಲಿಗೆ ಹೋಗುತ್ತವೆ. ಹಾಗಾಗಿ ಅದು ನಮಗೆ ತೀರಾ ಹೊರಗಿನ ಸಂಗತಿಯೇನಲ್ಲ.

ಮೊದಲ ಪ್ರಶ್ನೆ. ಹೌದು, ಉಪ್ಪುನೀರಿನೊಳಗೇ ಬೆಳೆಯುತ್ತದೆ. ಬೇರು, ಮಣ್ಣಿನೊಳಗೆ ಅಡ್ಡಕ್ಕೆ ಹರಿಯುವ ಕಾಂಡ, ಎಲೆ, ಹೂವು, ಕಾಯಿ, ಬೀಜ ಎಲ್ಲವೂ ಇರುವ ಪೂರ್ಣ ಸಸ್ಯ ಅದು. ಹೂ ಅರಳುವುದೂ ನೀರಿನಲ್ಲಿ, ಪರಾಗ ಹೋಗುವುದೂ ನೀರಿನ ಮೂಲಕ. ಕಡಲಹುಲ್ಲಿನ ಪೂರ್ವಜರು ನೆಲದ ಸಸ್ಯಗಳು. ಡೈನೋಸಾರ್‌ಗಳ ಕಾಲದಲ್ಲಿ ಅವುಗಳ ಕೆಲವು ವಂಶಗಳು ಬೇರೆ ಬೇರೆಯಾಗಿ ಕಡಲಿಗೆ ಇಳಿದವು. ಅಲ್ಲಿ ಗಾಳಿಯ ವ್ಯವಹಾರ ಇಲ್ಲವಾದ್ದರಿಂದ ಎಲೆಯ ಮೇಲಿನ ಪತ್ರರಂಧ್ರಗಳನ್ನೇ ಕಳೆದುಕೊಂಡವು. ಜೋಸ್ಟೆರ ಎಂಬ ಕಡಲಹುಲ್ಲಿನ ಜೀನುಗಳನ್ನು 2016ರಲ್ಲಿ ಪೂರ್ತಿಯಾಗಿ ಓದಿದಾಗ, ಪತ್ರರಂಧ್ರ ರೂಪಿಸುವ ಜೀನುಗಳೇ ಅದರಲ್ಲಿ ಉಳಿದಿಲ್ಲ ಎಂದು ತಿಳಿಯಿತು. ಲೋಕದಲ್ಲಿ ಇರುವುದು ಸುಮಾರು 72 ಜಾತಿ. ನಮ್ಮ ದೇಶದಲ್ಲಿ ಹದಿನೈದರ ಆಸುಪಾಸು.

ಹೆಸರಿನಲ್ಲಿ ಹುಲ್ಲು ಇದ್ದರೂ ನಿಮ್ಮ ಗುಡ್ಡದ ಹುಲ್ಲಿಗೂ ಇದಕ್ಕೂ ಹತ್ತಿರದ ನಂಟಿಲ್ಲ. ಭತ್ತ, ಬಿದಿರು, ಬಾಳೂರು ಗುಡ್ಡದ ಕರಡ ಎಲ್ಲ ಒಂದು ಕುಟುಂಬ. ಕಡಲಹುಲ್ಲು ಬೇರೆಯೇ ಕುಟುಂಬಗಳಿಗೆ ಸೇರಿದ್ದು. ನಂಟು ಹುಡುಕಬೇಕಾದರೆ ಕೆರೆಗೆ ಹೋಗಬೇಕು. ಕೆರೆಯ ನೀರಿನೊಳಗೆ ದಟ್ಟವಾಗಿ ಹೆಣೆದುಕೊಳ್ಳುವ ಹೈಡ್ರಿಲ್ಲ, ಅಲಂಕಾರದ ಮೀನು ಮಾರುವ ಅಂಗಡಿಯ ಗಾಜಿನ ತೊಟ್ಟಿಯಲ್ಲಿ ರಿಬ್ಬನ್ನಿನ ಹಾಗೆ ನಿಲ್ಲುವ ವ್ಯಾಲಿಸ್ನೇರಿಯ, ಇವು ಹಲವು ಕಡಲಹುಲ್ಲುಗಳಿಗೆ ಸ್ವಂತ ದಾಯಾದಿಗಳು. ದ್ವಿತೀಯ ಪಿಯುಸಿ ಜೀವಶಾಸ್ತ್ರ ಓದಿದವರು ಮನೆಯಲ್ಲಿದ್ದರೆ ಕೇಳಿ ನೋಡಿ. ನೀರಿನಿಂದ ಪರಾಗಸ್ಪರ್ಶವಾಗುವ ಗಿಡಗಳಿಗೆ ಉದಾಹರಣೆಯಾಗಿ ವ್ಯಾಲಿಸ್ನೇರಿಯ, ಹೈಡ್ರಿಲ್ಲ, ಜೋಸ್ಟೆರ ಎಂಬ ಮೂರು ಹೆಸರನ್ನು ಪರೀಕ್ಷೆಗೆಂದು ಉರು ಹೊಡೆದಿರುತ್ತಾರೆ. ಆ ಮೂರನೆಯದೇ ಕಡಲಹುಲ್ಲು.

ಎರಡನೆಯ ಪ್ರಶ್ನೆಯಲ್ಲಿ ನಿಮಗೆ ಆಗಿರುವ ಗೊಂದಲ ತೀರಾ ಸಹಜವಾದದ್ದು. ಗೊಬ್ಬರದಂಗಡಿಯಲ್ಲಿ ಸಿಗುವ ಸೀವೀಡ್ ದ್ರಾವಣ ಕಡಲಪಾಚಿಯಿಂದ ಆಗುವುದು. ಸರ್ಗ್ಯಾಸಂ, ಕಪ್ಪಾಫೈಕಸ್ ಮುಂತಾದ ಈ ಪಾಚಿಗಳಿಗೆ ಬೇರಿಲ್ಲ, ನಾಳವಿಲ್ಲ, ಹೂ ಬೀಜಗಳಿಲ್ಲ. ಬಂಡೆಗೋ ಹವಳಕ್ಕೋ ಅಂಟಿಕೊಳ್ಳಲು ಬುಡದಲ್ಲಿ ಒಂದು ಹಿಡಿಕೆ ಮಾತ್ರ ಇರುತ್ತದೆ, ಆಹಾರವನ್ನೆಲ್ಲ ಮೈಯಿಂದಲೇ ಹೀರಿಕೊಳ್ಳುತ್ತವೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸ ಹೋದವರು ಕಲ್ಲುಕಂಬಗಳ ಬುಡದಲ್ಲಿ ಕಾಲು ಜಾರಿಸುವ ಹಸಿರನ್ನು ನೋಡಿರುತ್ತಾರಲ್ಲ, ಅದು ಪಾಚಿ. ಕಡಲಹುಲ್ಲು ಸಾಮಾನ್ಯವಾಗಿ ಬಂಡೆಯ ತಂಟೆಗೆ ಹೋಗುವುದಿಲ್ಲ, ಅದಕ್ಕೆ ಬೇರೂರಲು ಮರಳೋ ಕೆಸರೋ ಬೇಕು. ಕೈಗೆ ಸಿಕ್ಕ ಒಂದು ಎಳೆ ಯಾವುದೆಂದು ಅನುಮಾನವಾದರೆ ಬುಡ ನೋಡಿ. ಗೆಣ್ಣು ಗೆಣ್ಣಾಗಿ ಹರಿದ ಕಾಂಡ, ಅದರಿಂದ ಇಳಿದ ಬೇರು ಕಂಡರೆ ಹುಲ್ಲು. ಸಮೀಕ್ಷೆ ಮಾಡುವವರೂ ಇವೆರಡನ್ನು ಬೇರೆ ಬೇರೆ ಅಂಕಣದಲ್ಲೇ ಬರೆದುಕೊಳ್ಳುತ್ತಾರೆ.

ಲಕ್ಷದ್ವೀಪದಲ್ಲೇ ಏಕೆ, ನಮ್ಮ ಕರಾವಳಿಯಲ್ಲಿ ಏಕಿಲ್ಲ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ. ಈ ಸಸ್ಯಕ್ಕೆ ಎಲ್ಲಕ್ಕಿಂತ ಮುಖ್ಯ ಬಿಸಿಲು. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿ ಎಲ್ಲ ಕೆಂಪು ನೀರು ತಂದು ಸುರಿಯುತ್ತವೆ. ಮೇಲಿಂದ ಮುಂಗಾರಿನ ಅಲೆ ತಳವನ್ನು ಕಲಕುತ್ತದೆ. ಹೀಗಾಗಿ ಭಾರತದ ಪಶ್ಚಿಮದ ತೆರೆದ ಕಡಲಂಚಿನಲ್ಲಿ ಕಡಲಹುಲ್ಲು ವಿರಳ. ಕೆಸರನ್ನೂ ಸಪ್ಪೆನೀರನ್ನೂ ತಾಳಿಕೊಳ್ಳುವ ಹ್ಯಾಲೊಫಿಲ ಬೆಕಾರಿಯಂಥ ಗಿಡ್ಡ ಜಾತಿಗಳು ಮಾತ್ರ ಅಳಿವೆಗಳಲ್ಲಿ ಅಲ್ಲಲ್ಲಿ ಜಾಗ ಹಿಡಿದಿವೆ. ಲಕ್ಷದ್ವೀಪದಲ್ಲಾದರೆ ಹೊಳೆಯೇ ಇಲ್ಲ. ದ್ವೀಪದ ಪಕ್ಕದಲ್ಲಿ ಹವಳದ ದಿಬ್ಬ ಒಂದು ಕೊಳವನ್ನು ಸುತ್ತುಗಟ್ಟಿರುತ್ತದೆ. ಅಲೆ ದಿಬ್ಬಕ್ಕೇ ಬಡಿದು ಸಾಯುತ್ತದೆ, ಒಳಗಿನ ನೀರು ತಿಳಿ, ತಳ ಬಿಳಿ ಮರಳು. ಇದನ್ನು ಲಗೂನ್ ಎನ್ನುತ್ತಾರೆ. ಹುಲ್ಲಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಪೂರ್ವದಲ್ಲಿ ತಮಿಳುನಾಡಿನ ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿಗಳಲ್ಲೂ ಇದರ ವಿಸ್ತಾರವಾದ ಮಾಳಗಳಿವೆ. ಹುಲ್ಲನ್ನೇ ನಂಬಿ ಬದುಕುವ ಕಡಲಹಸುವಿಗಾಗಿ ಪಾಕ್ ಕೊಲ್ಲಿಯಲ್ಲಿ 2022ರಲ್ಲಿ 448 ಚದರ ಕಿಲೋಮೀಟರಿನ ಸಂರಕ್ಷಿತ ಮೀಸಲು ಘೋಷಣೆಯಾಯಿತು.

ಈಗ ಎಣಿಕೆಗೆ ಬರೋಣ. ನಿಮ್ಮ ತೋಟದ ಫಸಲು ಅಂದಾಜನ್ನೇ ನೆನೆಸಿಕೊಳ್ಳಿ. ಹೂಮಳೆ ಬಿದ್ದ ಮೇಲೊಂದು, ಮಳೆಗಾಲ ಕಳೆದ ಮೇಲೊಂದು ಅಂದಾಜನ್ನು ಕಾಫಿ ಬೋರ್ಡ್ ಪ್ರತಿವರ್ಷ ಕೊಡುತ್ತದೆ. ಅದಕ್ಕಾಗಿ ಯಾರೂ ಜಿಲ್ಲೆಯ ಎಲ್ಲ ಗಿಡದ ಎಲ್ಲ ಕಾಯಿ ಎಣಿಸುವುದಿಲ್ಲ. ಕೆಲವು ಗಿಡ ಆಯ್ದು, ಅವುಗಳನ್ನು ಶ್ರದ್ಧೆಯಿಂದ ಎಣಿಸಿ, ಉಳಿದದ್ದನ್ನು ಲೆಕ್ಕ ಹಾಕುತ್ತಾರೆ. ಆದರೆ ಆಯುವ ಕೆಲಸವನ್ನು ಕಣ್ಣಿಗೆ ಬಿಟ್ಟರೆ ಕೆಟ್ಟಿತು. ರಸ್ತೆ ಬದಿಯ, ಕಾಯಿ ತುಂಬಿದ ಗಿಡವೇ ಕಣ್ಣಿಗೆ ಬೀಳುತ್ತದೆ. ಕಡಲಿನಲ್ಲೂ ಅದೇ ಅಪಾಯ. ನೀರಿಗಿಳಿದವರ ಕಣ್ಣು ಹಸಿರು ದಟ್ಟವಾಗಿರುವ ಕಡೆಗೇ ಎಳೆಯುತ್ತದೆ. ಆದ್ದರಿಂದ ಎಲ್ಲಿ ಎಣಿಸಬೇಕು ಎಂಬುದನ್ನು ನೀರಿಗಿಳಿಯುವ ಮೊದಲೇ ನಿಗದಿ ಮಾಡಿಬಿಡುತ್ತಾರೆ.

ಪದ್ಧತಿಗಳು ಹಲವು. ಹೆಚ್ಚು ಬಳಕೆಯಲ್ಲಿರುವ ಒಂದನ್ನು ಹೇಳುತ್ತೇನೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ 1998ರಲ್ಲಿ ಶುರುವಾದ ಸೀಗ್ರಾಸ್ ವಾಚ್ ಎಂಬ ಕಾರ್ಯಕ್ರಮ ರೂಪಿಸಿದ್ದು ಇದು. ವಿಜ್ಞಾನಿಗಳಲ್ಲದವರೂ ಮಾಡಬಹುದು ಎಂಬುದೇ ಇದರ ಹೆಚ್ಚುಗಾರಿಕೆ. ದಡದ ಕಡೆಯಿಂದ ಕಡಲ ಕಡೆಗೆ 50 ಮೀಟರ್ ಉದ್ದದ ಮೂರು ಟೇಪುಗಳನ್ನು, ಒಂದರಿಂದ ಒಂದಕ್ಕೆ 25 ಮೀಟರ್ ಅಂತರ ಬಿಟ್ಟು, ತಳದ ಮೇಲೆ ನೇರವಾಗಿ ಎಳೆಯುತ್ತಾರೆ. ಸೊನ್ನೆಯಿಂದ ಹಿಡಿದು ಪ್ರತಿ 5 ಮೀಟರಿಗೆ ಒಂದರಂತೆ, ಟೇಪಿಗೆ ತಾಗಿಸಿ ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಉದ್ದದ ಚೌಕಟ್ಟು ಇಡುತ್ತಾರೆ. ಒಂದು ಸಾಲಿಗೆ 11, ಒಟ್ಟು 33 ಚೌಕ. ಚೌಕ ಬರಿ ಮರಳಿನ ಮೇಲೆ ಕೂತರೂ ಅದನ್ನು ಪಕ್ಕಕ್ಕೆ ಸರಿಸುವಂತಿಲ್ಲ, ಸೊನ್ನೆ ಎಂದೇ ಬರೆಯಬೇಕು. ಹೊಸಬರಿಗೆ ಈ ನಿಯಮ ರುಚಿಸುವುದಿಲ್ಲ. ಇಷ್ಟು ದೂರ ಬಂದು ಮರಳು ಎಣಿಸುವುದೇ ಎನಿಸುತ್ತದೆ. ನನ್ನ ಮಟ್ಟಿಗೆ ಇಡೀ ಪದ್ಧತಿಯ ಪ್ರಾಣ ಇರುವುದು ಈ ಸೊನ್ನೆಗಳಲ್ಲೇ. ಮುಂದಿನ ವರ್ಷ ಅದೇ ಚೌಕದಲ್ಲಿ ಹುಲ್ಲು ಬಂದರೆ ಅದು ಎಲ್ಲಿಂದ ಎಲ್ಲಿಗೆ ಹಬ್ಬಿತು ಎಂದು ಹೇಳುವುದು ಈ ಸೊನ್ನೆಗಳೇ.

ಪ್ರತಿ ಚೌಕದ ಮೊದಲ ಕೆಲಸ ಮೇಲಿನಿಂದ ನೇರವಾಗಿ ಒಂದು ಫೋಟೋ. ಆಮೇಲೆ ಬೆರಳಿನಿಂದ ತಳದ ಮಣ್ಣು ಮುಟ್ಟಿ ನೋಡಿ ಕೆಸರೋ, ನುಣುಪು ಮರಳೋ, ಉರುಟು ಮರಳೋ ಬರೆಯುವುದು. ಬಳಿಕ ಚೌಕದಲ್ಲಿ ಹುಲ್ಲು ಶೇಕಡ ಎಷ್ಟು ಜಾಗ ಮುಚ್ಚಿದೆ ಎಂಬ ಅಂದಾಜು. ಇದಕ್ಕೆ ಶೇಕಡ ಇಷ್ಟಿದ್ದರೆ ಹೀಗೆ ಕಾಣುತ್ತದೆ ಎಂಬ ಮಾದರಿ ಚಿತ್ರಗಳ ಹಾಳೆ ಜೊತೆಗಿರುತ್ತದೆ, ಮೊದಮೊದಲು ಒಂದೇ ಚೌಕವನ್ನು ಇಬ್ಬರು ನೋಡಿ ಕಣ್ಣಳತೆ ಸರಿಹೊಂದಿಸಿಕೊಳ್ಳುತ್ತಾರೆ. ಅಷ್ಟು ಹುಲ್ಲಿನಲ್ಲಿ ಯಾವ ಜಾತಿಯದು ಎಷ್ಟು ಪಾಲು, ಎಲೆಯ ಎತ್ತರ ಎಷ್ಟು, ಪಾಚಿ ಎಷ್ಟು ಎಂಬುದು ಕೊನೆಗೆ. ಬರೆಯುವುದು ಸೀಸದ ಕಡ್ಡಿಯಲ್ಲಿ, ನೀರಿಗೆ ನೆನೆಯದ ಹಾಳೆಯ ಮೇಲೆ. ಆಳ ಸೊಂಟಮಟ್ಟಕ್ಕಿಂತ ಹೆಚ್ಚಿದ್ದರೆ ಮುಖಕ್ಕೆ ಗಾಜು, ಬಾಯಿಗೆ ಉಸಿರಿನ ಕೊಳವೆ ಕಟ್ಟಿಕೊಂಡು ತೇಲುತ್ತಲೇ ಮಾಡಬೇಕು. ನೀರು ಇಳಿದಿರುವ ಹೊತ್ತು ನೋಡಿಕೊಂಡು ಹೋಗುವುದು ಅದಕ್ಕೇ. ಮುಂಗಾರಿನ ತಿಂಗಳುಗಳಲ್ಲಿ ಈ ಕೆಲಸ ಸಾಗುವುದಿಲ್ಲ.

ಜಾತಿ ಗುರುತಿಸುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ, ಏಕೆಂದರೆ ಒಂದು ಲಗೂನಿನಲ್ಲಿ ಸಿಗುವ ಜಾತಿಗಳು ಬೆರಳೆಣಿಕೆಯವು. ಹೂ ಅಪರೂಪವಾದ್ದರಿಂದ ಎಲೆಯನ್ನೇ ನಂಬಬೇಕು. ಮೊದಲು ಎಲೆಯ ಆಕಾರ. ತೊಟ್ಟಿನ ಮೇಲೆ ಜೋಡಿಯಾಗಿ ನಿಂತ ಮೊಟ್ಟೆಯಾಕಾರದ ಪುಟ್ಟ ಎಲೆಯಾದರೆ ಹ್ಯಾಲೊಫಿಲ. ಅದರಲ್ಲೂ ನಡುನರದಿಂದ ಅಡ್ಡ ಹೋಗುವ ನರಗಳನ್ನು ಎಣಿಸಿದರೆ ಒವಾಲಿಸ್ ಜಾತಿಯೋ ಅದಕ್ಕಿಂತ ಸಣ್ಣ ಜಾತಿಯೋ ತಿಳಿಯುತ್ತದೆ. ಎಲೆ ಚಪ್ಪಟೆಯಾಗಿರದೆ ಉರುಟಾಗಿದ್ದರೆ ಸಿರಿಂಗೋಡಿಯಂ. ಮಿಕ್ಕವು ಪಟ್ಟಿಯಂಥ ಎಲೆಯವು, ಅವಕ್ಕೆ ತುದಿ ನೋಡಬೇಕು. ಕಿರಿದಾದ ಎಲೆಯ ತುದಿಯಲ್ಲಿ ಮೂರು ಹಲ್ಲು, ನಡುವೆ ಎದ್ದು ಕಾಣುವ ಒಂದೇ ನರ ಇದ್ದರೆ ಹ್ಯಾಲೊಡ್ಯೂಲ್ ಯುನಿನರ್ವಿಸ್. ತುದಿಯಲ್ಲಿ ಗರಗಸದ ಹಲ್ಲಿದ್ದರೆ ಸೈಮೊಡೋಸಿಯ ಸೆರುಲೇಟ.

ತಲೆ ಕೆಡಿಸುವುದು ಒಂದು ಜೋಡಿ: ಸೈಮೊಡೋಸಿಯ ರೊಟಂಡೇಟ ಮತ್ತು ಥಲಾಸಿಯ ಹೆಂಪ್ರಿಚಿಯೈ. ಎರಡಕ್ಕೂ ಪಟ್ಟಿ ಎಲೆ, ಎರಡಕ್ಕೂ ದುಂಡು ತುದಿ. ಎಳೆಯ ಥಲಾಸಿಯವನ್ನು ಸೈಮೊಡೋಸಿಯ ಎಂದು ಬರೆದುಬಿಡುವುದು ಸುಲಭ. ಬಿಸಿಲಿಗೆ ಹಿಡಿದರೆ ಥಲಾಸಿಯದ ಎಲೆಯಲ್ಲಿ ಮಿಲಿಮೀಟರ್ ಉದ್ದದ ಕಪ್ಪು ಗೀಟುಗಳು ಕಾಣುತ್ತವೆ. ಅದು ಎಲೆಯ ಕೋಶಗಳಲ್ಲಿ ತುಂಬಿರುವ ಒಗರು, ಟ್ಯಾನಿನ್. ಇದರ ಎಲೆ ಕುಡುಗೋಲಿನಂತೆ ತುಸು ಬಾಗಿರುತ್ತದೆ, ಮಣ್ಣಿನೊಳಗಿನ ಕಾಂಡ ದಪ್ಪ. ಸೈಮೊಡೋಸಿಯದ ಎಲೆ ನೆಟ್ಟಗೆ, ಕಾಂಡ ತೆಳು, ಹಳೆ ಎಲೆ ಉದುರಿದ ಗುರುತುಗಳು ಕಾಂಡದ ಸುತ್ತ ಪೂರ್ತಿ ಬಳೆಯಾಗಿ ಉಳಿದಿರುತ್ತವೆ. ಇಷ್ಟು ಸೂಕ್ಷ್ಮ ಏಕೆ ಬೇಕು ಎಂಬುದೇ ನಿಮ್ಮ ನಾಲ್ಕನೆಯ ಪ್ರಶ್ನೆ. ಅದಕ್ಕೆ ಉತ್ತರ ಅಗತ್ತಿ ದ್ವೀಪದಲ್ಲಿದೆ.

ಅಗತ್ತಿಯ ಲಗೂನಿನಲ್ಲಿ 2000ದ ದಶಕದಲ್ಲಿ ಹಸಿರು ಕಡಲಾಮೆಗಳು ಭಾರಿ ಸಂಖ್ಯೆಯಲ್ಲಿ ಬಂದು ನೆಲೆಸಿದವು. ಕಡಲಹುಲ್ಲು ಅವುಗಳ ಮುಖ್ಯ ಮೇವು. ನಮ್ಮ ಮೈಸೂರಿನಲ್ಲೇ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ರೋಹನ್ ಆರ್ಥರ್, ನಚಿಕೇತ ಕೇಳ್ಕರ್ ಮತ್ತು ಸಂಗಡಿಗರು ಅಲ್ಲಿ ವರ್ಷಗಟ್ಟಲೆ ಇಂಥ ಎಣಿಕೆ ನಡೆಸಿದರು. ಕೆಲವು ಕಡೆ ಆಮೆ ನುಗ್ಗದಂತೆ ತಳದಲ್ಲಿ ಬೇಲಿ ಹಾಕಿ ಒಳಗಿನ ಹುಲ್ಲನ್ನೂ ಹೊರಗಿನದನ್ನೂ ಹೋಲಿಸಿ ನೋಡಿದರು. ದಪ್ಪ ಕಾಂಡದ, ನಿಧಾನವಾಗಿ ಬೆಳೆಯುವ ಥಲಾಸಿಯ ಆಮೆಗಳ ನಿರಂತರ ಮೇಯುವಿಕೆಯನ್ನು ತಾಳಲಿಲ್ಲ, ಬೇಗ ಚಿಗುರುವ ಸೈಮೊಡೋಸಿಯ ಆ ಜಾಗ ಹಿಡಿಯಿತು ಎಂದು 2013ರಲ್ಲಿ ಪ್ರಕಟಿಸಿದರು. ಇಲ್ಲಿ ಒಂದು ಮಾತು ಗಮನಿಸಿ. ಮೊದಲೂ ಕೊನೆಗೂ ಬರೀ ಜಾತಿಗಳ ಪಟ್ಟಿ ಮಾಡಿದ್ದರೆ ಎರಡೂ ಪಟ್ಟಿಯಲ್ಲಿ ಅವೇ ಹೆಸರುಗಳು ಇರುತ್ತಿದ್ದವು. ದಡದಲ್ಲಿ ನಿಂತು ನೋಡಿದವರಿಗೂ ಅದೇ ಹಸಿರು. ಯಾವುದು ಎಷ್ಟು ಎಂದು ಪಾಲು ಬರೆದುಕೊಂಡಿದ್ದರಿಂದಷ್ಟೇ ತಳದಲ್ಲಿ ಆದ ಬದಲಾವಣೆ ಹೊರಗೆ ಬಂತು. ಉಪಗ್ರಹದ ಚಿತ್ರದಲ್ಲಿ ಹುಲ್ಲಿನ ಮಾಳ ಎಲ್ಲಿಂದ ಎಲ್ಲಿಯವರೆಗಿದೆ ಎಂದು ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಈ ಎರಡು ದುಂಡು ತುದಿಗಳನ್ನು ಬೇರೆ ಮಾಡಲು ಮನುಷ್ಯನೇ ನೀರಿಗಿಳಿಯಬೇಕು.

ಕತೆ ಅಲ್ಲಿಗೂ ನಿಲ್ಲಲಿಲ್ಲ. ಅಗತ್ತಿಯಲ್ಲಿ ಮೇವು ಮುಗಿಯುತ್ತ ಬಂದಂತೆ ಆಮೆಗಳು ಬೇರೆ ದ್ವೀಪಗಳ ಲಗೂನುಗಳಿಗೆ ಹೋದವು, ಅಲ್ಲೂ ಹುಲ್ಲು ಬೋಳಾಯಿತು. ಒಂದಾದ ಮೇಲೊಂದು ಲಗೂನು ಹೀಗೆ ಬರಿದಾದದ್ದನ್ನು 2021ರಲ್ಲಿ ಮಯೂರೇಶ್ ಗಂಗಲ್ ಮತ್ತು ಜೊತೆಗಾರರು ದಾಖಲಿಸಿದರು. ಹುಲ್ಲಿನ ನಡುವೆ ಮರಿ ಬೆಳೆಸುವ ಮೀನುಗಳಿಗೂ ಕುತ್ತು ಬಂತು. ಲಗೂನಿನ ಮೀನು ಕಡಿಮೆಯಾಗಲು ಆಮೆಯೇ ಕಾರಣ ಎಂದು ಅಗತ್ತಿಯ ಮೀನುಗಾರರು ಸಿಟ್ಟಾಗಿದ್ದರು. ಆನೆ, ಕಾಡುಕೋಣದ ಕಾಟ ಕಂಡ ನಮ್ಮ ಕಡೆಯವರಿಗೆ ಆ ಸಿಟ್ಟು ಅರ್ಥವಾಗದ ವಿಷಯವಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ರಕ್ಷಣೆ ಪಡೆದ ಪ್ರಾಣಿಯೇ ಇನ್ನೊಂದು ಜೀವಜಾಲವನ್ನು ಬೋಳಿಸಿತಲ್ಲ, ಈಗ ಯಾರ ಪರ ನಿಲ್ಲುವುದು? ಸುಲಭದ ಉತ್ತರ ಇಲ್ಲ. ಆದರೆ ಮೀನುಗಾರರ ಮಾತು ಬರೀ ಗೊಣಗಾಟವಲ್ಲ ಎಂದು ತೋರಿಸಿಕೊಟ್ಟದ್ದು ಆ ಚೌಕಟ್ಟುಗಳ ಲೆಕ್ಕವೇ.

ಕೊನೆಯ ಪ್ರಶ್ನೆ, ನಮ್ಮ ಕಡೆ ಇಂಥದ್ದು ಇದೆಯೇ ಎಂಬುದು. ಕಡಲಹುಲ್ಲು ಇರಲಾರದು, ಆದರೆ ನೀರಿನೊಳಗೆ ಬದುಕುವ ಹೂಬಿಡುವ ಸಸ್ಯ ಎಂದರೆ ಇದೆ, ಅದೂ ಕಡಲಹುಲ್ಲಿಗಿಂತ ವಿಚಿತ್ರವಾದದ್ದು. ಪಶ್ಚಿಮ ಘಟ್ಟದ ಹೊಳೆಗಳಲ್ಲಿ, ನೀರು ರಭಸವಾಗಿ ಹರಿಯುವ ಬಂಡೆಗಳ ಮೇಲೆ ಕಪ್ಪುಹಸಿರು ಪದರವೊಂದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಪಾಚಿ ಎಂದುಕೊಂಡು ದಾಟಿಹೋಗುತ್ತೇವೆ. ಅದರಲ್ಲಿ ಬಹಳಷ್ಟು ಪಾಚಿಯೇ ಆದರೂ, ಕೆಲವು ಪೊಡೊಸ್ಟೆಮೇಸಿ ಎಂಬ ಕುಟುಂಬದ ಹೂಗಿಡಗಳು. ಪಾಲಿಪ್ಲೂರಂ, ಜೈಲಾನಿಡಿಯಂ, ಗ್ರಿಫಿತೆಲ್ಲ ಎಂಬವು ನಮ್ಮ ಘಟ್ಟದಲ್ಲಿ ಸಿಗುವ ಕೆಲವು ಕುಲಗಳು. ಇವುಗಳ ಬೇರೇ ಚಪ್ಪಟೆಯಾಗಿ, ಹಸಿರಾಗಿ, ಬಂಡೆಯನ್ನು ಅಪ್ಪಿ ಎಲೆಯ ಕೆಲಸ ಮಾಡುತ್ತದೆ. ಮಳೆಗಾಲವಿಡೀ ನೀರಿನಡಿ ಬೆಳೆದು, ಹೊಳೆ ಇಳಿದು ಬಂಡೆ ಹೊರಗೆ ಕಾಣತೊಡಗಿದೊಡನೆ ಕಡ್ಡಿಮೊನೆಯಷ್ಟು ಹೂ ಬಿಟ್ಟು, ಬೀಜ ಉದುರಿಸಿ ಒಣಗುತ್ತವೆ. ಹೂಗಿಡಗಳಲ್ಲಿ ಸಾಮಾನ್ಯವಾಗಿ ಎರಡು ಗರ್ಭಾಂಕುರಣ ಒಟ್ಟಿಗೆ ನಡೆಯುತ್ತವೆ, ಒಂದು ಭ್ರೂಣಕ್ಕೆ, ಇನ್ನೊಂದು ಅದರ ಆಹಾರಕ್ಕೆ. ಈ ಕುಟುಂಬದಲ್ಲಿ ಎರಡನೆಯದು ನಡೆಯುವುದೇ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಿ. ಡಿ. ಅರೇಕಲ್ ಮತ್ತು ಸಿ. ಆರ್. ನಾಗೇಂದ್ರನ್ 1970ರ ದಶಕದಲ್ಲಿ ಇವುಗಳ ಭ್ರೂಣಕೋಶದ ಮೇಲೆ ಮಾಡಿದ ಕೆಲಸವನ್ನು ಈ ಕುಟುಂಬದ ಬಗ್ಗೆ ಬರೆಯುವವರು ಇಂದಿಗೂ ಉಲ್ಲೇಖಿಸುತ್ತಾರೆ.

ಇವನ್ನು ನೋಡಲು ಮಳೆ ನಿಂತು ಹೊಳೆಯ ನೀರು ತಗ್ಗುವ ನವೆಂಬರ್‌ನಿಂದ ಜನವರಿವರೆಗಿನ ಕಾಲ ಒಳ್ಳೆಯದು. ಒಂದು ಭೂತಗನ್ನಡಿ, ಸ್ಕೇಲು ಸಾಕು. ಟೇಪು, ಚೌಕದ ಪದ್ಧತಿಯೇ ಇಲ್ಲೂ ನಡೆಯುತ್ತದೆ, ಚೌಕಟ್ಟು ಮಾತ್ರ ಇನ್ನೂ ಸಣ್ಣದಿರಲಿ. ಗೇಣುದ್ದ ಗೇಣಗಲ ಧಾರಾಳವಾಯಿತು. ಶಾಲೆಯ ಮಕ್ಕಳಿಗೆ ಮಾಡಿಸುವ ಯೋಚನೆಯಿದ್ದರೆ ಮೊಣಕಾಲು ಮುಳುಗದ ಹಳ್ಳವನ್ನೇ ಆರಿಸಿಕೊಳ್ಳಿ. ಕಳಸದ ಅಂಬಾತೀರ್ಥದಂಥ ಕಡೆ ಭದ್ರೆ ಬಂಡೆಗಳ ನಡುವೆ ನುಗ್ಗುವ ರಭಸ ಬೇಸಿಗೆಯಲ್ಲೂ ನಂಬಿಕೆಗೆ ಅರ್ಹವಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಗಿಡ ಕೀಳುವಂತಿಲ್ಲ. ಎಣಿಸುವ ಬಂಡೆಗೆ ಎಂದೂ ಅಳಿಸದ ಗುರುತು ಆಯ್ದುಕೊಳ್ಳಿ. ಬಣ್ಣ ಬಳಿಯುವುದು ಬೇಡ, ದಡದ ಒಂದು ಮರದಿಂದ ಇಷ್ಟು ಮೀಟರ್ ಎಂದು ಬರೆದಿಟ್ಟುಕೊಂಡರೆ ಸಾಕು. ಬರುವ ವರ್ಷ ಅದೇ ತಿಂಗಳು, ಅದೇ ಬಂಡೆ, ಅದೇ ಚೌಕ. ನಿಮಗೆ ಸಿಕ್ಕಿದ್ದು ಪಾಚಿಯೋ ಹೂಗಿಡವೋ ಎಂದು ಅನುಮಾನವಾದರೆ ಸ್ಕೇಲು ಪಕ್ಕಕ್ಕಿಟ್ಟು, ಹೂವೋ ಕಾಯಿಯೋ ಕಾಣುವಂತೆ ಹತ್ತಿರದಿಂದ ತೆಗೆದ ಚಿತ್ರ ಕಳುಹಿಸಿ, ನೋಡಿ ಹೇಳುತ್ತೇನೆ.